ಮೈಲುತುತ್ತಿನ ಲೆಕ್ಕ ಸರಿ ಇತ್ತು, ಸುಣ್ಣ ಸತ್ತಿತ್ತು

ನಮ್ಮ ತೋಟ ಇರುವುದು ಉಡುಪಿ ಜಿಲ್ಲೆಯ ಪೆರ್ಡೂರಿನ ಹತ್ತಿರ. ದೊಡ್ಡದೇನಲ್ಲ, ಅಡಿಕೆ ಮರ ನಾನೂರು ಚಿಲ್ಲರೆ. ನಾನು ಕಲಿತದ್ದು ಬಿಎಸ್ಸಿ, ಕೆಮಿಸ್ಟ್ರಿ ಸೇರಿ. ಆದರೆ ಇಪ್ಪತ್ತು ವರ್ಷ ಮಂಗಳೂರಿನಲ್ಲಿ ಕೂತು ಬರೆದದ್ದು ಬೇರೆಯವರ ಲೆಕ್ಕ. ಅಪ್ಪನಿಗೆ ಓಡಾಟ ಕಷ್ಟವಾದ ಮೇಲೆ ಊರಿಗೆ ಬಂದೆ. ಮೊದಲ ಎರಡು ವರ್ಷ ಮದ್ದು ಬಿಡುವ ಕೆಲಸಕ್ಕೆ ತಲೆ ಹಾಕಲಿಲ್ಲ. ಮೂರನೇ ವರ್ಷ ಹಾಕಿದೆ. ಆ ವರ್ಷವೇ ನಳ್ಳಿ, ಅಂದರೆ ಎಳೆ ಅಡಿಕೆ ಕಾಯಿ, ಸುಟ್ಟುಹೋಯಿತು.

ನಮ್ಮ ಕಡೆ ಮದ್ದು ಅಂದರೆ ಬೋರ್ಡೋ ದ್ರಾವಣ. ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ, ನೀರು, ಇಷ್ಟೇ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಾಗದಲ್ಲಿ, ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು ನೂರು ವರ್ಷದಿಂದ ಇದನ್ನೇ ನಂಬಿಕೊಂಡು ಬಂದಿದ್ದೇವೆ. ಕಳೆದ ಶತಮಾನದ ಮೊದಲಿಗೆ ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಈ ಮದ್ದನ್ನು ಬೆಳೆಗಾರರಿಗೆ ಹೇಳಿಕೊಟ್ಟರು. ಮದ್ದಿನ ಹುಟ್ಟೂರು ಮಾತ್ರ ಫ್ರಾನ್ಸ್. ಅಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕಿತ್ತು ತಿನ್ನುತ್ತಿದ್ದರಂತೆ. ಅದಕ್ಕೆ ಬೆಳೆಗಾರರು ಬಳ್ಳಿಗೆ ತಾಮ್ರದ ನೀಲಿ ಬಳಿದರು, ವಿಷ ಅಂತ ಹೆದರಿಕೊಳ್ಳಲಿ ಎಂದು. ಹಾಗೆ ಬಳಿದ ಬಳ್ಳಿಗೆ ರೋಗ ಬರಲಿಲ್ಲ ಅನ್ನುವುದು 1882ರಲ್ಲಿ ಬೋರ್ಡೋದ ಪ್ರೊಫೆಸರ್ ಮಿಲಾರ್ಡೆ ಕಣ್ಣಿಗೆ ಬಿತ್ತು. 1885ರಲ್ಲಿ ಅವರು ಮದ್ದಿನ ಅಳತೆಯನ್ನು ಬರೆದು ಪ್ರಕಟಿಸಿದರು. ನಮ್ಮ ಅಡಿಕೆ ಕಳ್ಳರು ನೀಲಿ ನೋಡಿ ಹೆದರುವ ಜಾತಿಯಲ್ಲ, ಅದು ಬೇರೆ ವಿಷಯ.

ಎಲ್ಲರಿಗೂ ಗೊತ್ತಿರುವ ಅಳತೆ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕಿಲೋ. ನಾನು ಪೆನ್ನು ಹಿಡಿದು ಕೂತೆ. ಮೈಲುತುತ್ತಿನ ಅಣುವಿನ ತೂಕ 250ರ ಹತ್ತಿರ. ಅದರ ಹುಳಿಯನ್ನು ಪೂರ್ತಿ ತಣಿಸಲು ನೀರು ಕುಡಿದ ಸುಣ್ಣ 74 ಸಾಕು. ಅಂದರೆ 1 ಕಿಲೋ ಮೈಲುತುತ್ತಿಗೆ 300 ಗ್ರಾಂ ಸುಣ್ಣ. ಹಾಗಾದರೆ ನಾವು ಹಾಕುವ ಸುಣ್ಣದಲ್ಲಿ ಮೂರರಲ್ಲಿ ಎರಡು ಪಾಲು ದಂಡ ಅಲ್ವಾ? ಆ ದಂಡದ ಸುಣ್ಣವೇ ನಾಝಲಿನಲ್ಲಿ ಕಟ್ಟಿಕೊಳ್ಳುವುದು. ಮರದ ತುದಿಯಲ್ಲಿ ಕೂತವರು ಅದನ್ನು ಬಿಚ್ಚಿ ಊದಿ ಬೈಯುವುದು. ನಾನು ಜಾಣನಾದೆ. ಡ್ರಮ್ಮಿಗೆ 600 ಗ್ರಾಂ ಸಾಕಾಗುವಲ್ಲಿ ಧಾರಾಳವಾಗಿ 800 ಗ್ರಾಂ ಹಾಕಿಸಿದೆ. ಸುಣ್ಣವೂ ಹಿಂದಿನ ವರ್ಷದ್ದು, ಕೊಟ್ಟಿಗೆಯ ಅಟ್ಟದಲ್ಲಿ ಬಾಯಿ ಬಿಚ್ಚಿದ ಚೀಲದಲ್ಲಿ ಉಳಿದದ್ದು. ಹುಡಿ ಬೆಳ್ಳಗೆ ಚೆನ್ನಾಗಿಯೇ ಇತ್ತು.

ನಮ್ಮಲ್ಲಿ ಖಾಯಂ ಮದ್ದು ಬಿಡುವವರು ಆ ಸಲ ಬೇರೆ ತೋಟದಲ್ಲಿ ಸಿಕ್ಕಿಬಿದ್ದಿದ್ದರು. ಬಂದವರು ಹೊಸಬರು. ನಾನು ಹೇಳಿದ ಹಾಗೆ ಕಲಸಿದರು, ಬಿಟ್ಟರು, ಹೋದರು. ನಾಝಲ್ ಒಂದು ಸಲವೂ ಕಟ್ಟಲಿಲ್ಲ. ನನಗೆ ಭಾರೀ ಖುಷಿ.

ಐದಾರು ದಿನಕ್ಕೆ ನಳ್ಳಿಯ ಮೇಲೆ ಕಂದು ಕಲೆ ಬಿತ್ತು, ಬೆಂಕಿ ಕಿಡಿ ಹಾರಿದ ಹಾಗೆ. ಆಮೇಲೆ ಉದುರಲು ಶುರು. ಬೆಳಿಗ್ಗೆ ಹೋದರೆ ಮರದ ಬುಡದಲ್ಲಿ ಬೊಗಸೆ ಬೊಗಸೆ. ಅಷ್ಟರಲ್ಲಿ ಮಳೆ ಹಿಡಿಯಿತು. ಜುಲೈ ಮುಗಿಯುವ ಮೊದಲು ಕೊಳೆರೋಗವೂ ಬಂತು. ಮದ್ದು ಸುಟ್ಟದ್ದೂ ಹೌದು, ಕಾಯದೆ ಹೋದದ್ದೂ ಹೌದು. ಎರಡೂ ಒಟ್ಟಿಗೆ ಹೇಗಾಯಿತು ಅಂತ ನನಗೆ ಅರ್ಥವೇ ಆಗಲಿಲ್ಲ. ಅಪ್ಪ ಏನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡನೇ ಸಲ ಬಿಡಲು ಹಳಬರೇ ಬಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವರಿಗೆ ಕಾದು ಕೂರದೆ, ಅದೇ ಹಳೇ ಸುಣ್ಣ ಹಾಕಿ ಒಂದು ಡ್ರಮ್ ಮಾಡಿಟ್ಟಿದ್ದೆ. ಅವರು ಸೊಂಟದಿಂದ ಕತ್ತಿ ತೆಗೆದು, ಕಲ್ಲಿಗೆ ಉಜ್ಜಿ ಹೊಳಪು ತಂದು, ತುದಿಯನ್ನು ಡ್ರಮ್ಮಿಗೆ ಅದ್ದಿದರು. ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತು ಬಿಟ್ಟು ಎತ್ತಿದರು. ತುದಿ ಕೆಂಪಗೆ, ಹೊಸ ತಾಮ್ರದ ತಂಬಿಗೆಯ ಹಾಗೆ.

"ಎಂತ ಮಾರಾಯ್ರೆ ಇದು? ಕಚ್ಚುವ ಮದ್ದು. ಮರಕ್ಕೆ ಬಿಟ್ಟರೆ ಮರವನ್ನೂ ಕಚ್ಚುತ್ತದೆ."

ಕತ್ತಿ ನೋಡಿದ ಕೂಡಲೇ ನನಗೆ ಕಾಲೇಜಿನ ಪಾಠ ನೆನಪಾಯಿತು. ನಾಚಿಕೆಯೂ ಆಯಿತು. ನೀರಿನಲ್ಲಿ ಕರಗಿರುವ ತಾಮ್ರ ಕಬ್ಬಿಣ ಕಂಡರೆ ಬಿಡುವುದಿಲ್ಲ. ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ತಾಮ್ರ ಆ ಜಾಗದಲ್ಲಿ ಬಂದು ಕೂರುತ್ತದೆ. ಕತ್ತಿ ಕೆಂಪಾಗಿದೆ ಅಂದರೆ ಡ್ರಮ್ಮಿನಲ್ಲಿ ತಣಿಯದ ತಾಮ್ರ ಇನ್ನೂ ಉಂಟು. ಸುಣ್ಣ ಸಾಕಾಗಿಲ್ಲ. ಆದರೆ ಲೆಕ್ಕದ ಪ್ರಕಾರ ಸಾಕಾಗಬೇಕಿತ್ತಲ್ಲ?

ಆ ರಾತ್ರಿ ಅಡುಗೆ ಮನೆಯಿಂದ ವಿನೆಗರ್ ತಂದೆ. ಅಟ್ಟದ ಚೀಲದಿಂದ ಒಂದು ಚಮಚ ಸುಣ್ಣ ಗ್ಲಾಸಿಗೆ ಹಾಕಿ ಮೇಲಿಂದ ಸುರಿದೆ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಈನೋ ಹಾಗೆ ಬುಸ್ಸೆಂದು ನೊರೆ ಉಕ್ಕಿತು. ಮಾರನೇ ದಿನ ಅಂಗಡಿಯಿಂದ ಹೊಸ ಪೊಟ್ಟಣ ತಂದು ಅದಕ್ಕೂ ಹಾಕಿ ನೋಡಿದೆ. ಎರಡು ಗುಳ್ಳೆ, ಅಷ್ಟೇ. ಸುಮ್ಮನೆ ಕರಗಿತು.

ವಿಷಯ ಇಷ್ಟೇ. ಸುಣ್ಣ ಹುಟ್ಟುವುದು ಚಿಪ್ಪಿನಿಂದ ಅಥವಾ ಸುಣ್ಣದ ಕಲ್ಲಿನಿಂದ. ನಾವು ಸುಕ್ಕ ಮಾಡಿ ತಿನ್ನುವ ಮರುವಾಯಿಯ ಚಿಪ್ಪು ಇದೆಯಲ್ಲ, ಅದೂ ಸುಣ್ಣದ ಕಲ್ಲೂ ಕೆಮಿಸ್ಟ್ರಿಯಲ್ಲಿ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ 900 ಡಿಗ್ರಿಯ ಹತ್ತಿರ ಸುಟ್ಟರೆ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. 100 ಕಿಲೋ ಚಿಪ್ಪು 56 ಕಿಲೋ ಆಗುತ್ತದೆ. ಇದು ಸುಟ್ಟ ಸುಣ್ಣ. ನೀರು ತೋರಿಸಿದರೆ ಸಾಕು, ಕುದಿದು ಬಿರಿದು ಹುಡಿಯಾಗುತ್ತದೆ. 56 ಕಿಲೋ ಹೋಗಿ 74 ಕಿಲೋ. ಇದು ನೀರು ಕುಡಿದ ಸುಣ್ಣ, ಗೋಡೆಗೂ ಎಲೆಗೂ ಮದ್ದಿಗೂ ಬೇಕಾದದ್ದು. ಆದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡು ಪುನಃ ಚಿಪ್ಪಾಗಲು ನೋಡುತ್ತಾ ಇರುತ್ತದೆ. ಗೋಡೆಗೆ ಬಳಿದಾಗ ನಮಗೆ ಬೇಕಾದದ್ದೇ ಅದು, ಸುಣ್ಣ ಗಟ್ಟಿಯಾಗುವುದೇ ಹಾಗೆ. ಚೀಲದಲ್ಲಿ ಹಾಗಾದರೆ ಮದ್ದಿಗೆ ಸುಣ್ಣ ಸತ್ತಂತೆ. ಗಾಳಿಯ ಪಸೆ ಇದ್ದಷ್ಟೂ ಈ ಕೆಲಸ ಬೇಗ ಆಗುತ್ತದೆ. ನಮ್ಮ ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ಅಂದರೆ ಕೇಳಬೇಕೇ.

ಮೋಸ ಎಂತದೆಂದರೆ ಸತ್ತ ಸುಣ್ಣದ ತೂಕ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. 1 ಕಿಲೋ ಪೂರ್ತಿ ಸತ್ತರೆ 1,350 ಗ್ರಾಂ. ಬಣ್ಣ ಅದೇ ಬಿಳಿ, ಹುಡಿ ಅದೇ ನುಣುಪು. ನಾನು ತಕ್ಕಡಿಯಲ್ಲಿ ತೂಗಿದ 800 ಗ್ರಾಮಿನಲ್ಲಿ ಹೆಚ್ಚಿನ ಪಾಲು ಚಿಪ್ಪಿನ ಹುಡಿ. ಅದು ಮೈಲುತುತ್ತನ್ನು ಬೇಗ ತಣಿಸುವುದಿಲ್ಲ. ಹಿರಿಯರು ಮೂರು ಪಟ್ಟು ಸುಣ್ಣ ಹಾಕಿದ್ದು ದಂಡಕ್ಕಲ್ಲ, ಸುಣ್ಣದ ಮೇಲೆ ನಂಬಿಕೆ ಇಲ್ಲದ್ದಕ್ಕೆ.

ಸುಟ್ಟದ್ದೂ ಕಾಯದೆ ಹೋದದ್ದೂ ಒಂದೇ ಕಾರಣಕ್ಕೆ ಅಂತ ಆಗ ಗೊತ್ತಾಯಿತು. ಸರಿಯಾದ ಬೋರ್ಡೋದಲ್ಲಿ ತಾಮ್ರ ನೀರಿನಲ್ಲಿ ಕರಗಿರುವುದಿಲ್ಲ. ಸುಣ್ಣ ಸೇರಿದ ಕೂಡಲೇ ನೀಲಿ ಮೊಸರಿನ ಹಾಗೆ ಒಡೆದು ಸಣ್ಣ ಸಣ್ಣ ಕಣವಾಗಿ ತೇಲುತ್ತದೆ. ಕಾಯಿಯ ಮೇಲೆ ಬಿದ್ದು ಒಣಗಿದರೆ ಪೊರೆಯಂತೆ ಅಂಟಿಕೊಳ್ಳುತ್ತದೆ. ಆ ಪೊರೆಯಿಂದ ಮಳೆ ನೀರಿಗೆ ತಾಮ್ರ ಚೂರು ಚೂರೇ ಬಿಟ್ಟುಕೊಡುತ್ತದೆ. ಕೊಳೆರೋಗ ತರುವ ಫೈಟೋಫ್ತೊರಾದ ಬೀಜಕಣಗಳಿಗೆ ಬಾಲ ಉಂಟು, ನೀರಿನಲ್ಲಿ ಈಜಿಕೊಂಡು ಬರುತ್ತವೆ. ಬರುವ ದಾರಿಯಲ್ಲೇ ಆ ಚೂರು ತಾಮ್ರಕ್ಕೆ ಸಾಯುತ್ತವೆ. ಹೀಗಾಗಿ ರೋಗ ಬಂದ ಮೇಲೆ ಬಿಟ್ಟು ದೊಡ್ಡ ಪ್ರಯೋಜನವಿಲ್ಲ. ಮುಂಗಾರು ಹಿಡಿಯುವ ಮೊದಲೊಮ್ಮೆ, 40-45 ದಿನಕ್ಕೆ ಮತ್ತೊಮ್ಮೆ. ನನ್ನ ಮದ್ದಿನಲ್ಲಿ ತಾಮ್ರ ಕರಗಿಯೇ ಉಳಿದಿತ್ತು. ಹುಳಿ ನೀರಿನ ಜೊತೆ ನೇರ ನಳ್ಳಿಯೊಳಗೆ ಇಳಿದು ಸುಟ್ಟಿತು. ಉಳಿದದ್ದನ್ನು ಮೊದಲ ಮಳೆ ತೊಳೆದುಕೊಂಡು ಹೋಯಿತು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೈಲುತುತ್ತನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಗಂಟು ಕಟ್ಟಿ ಪ್ಲಾಸ್ಟಿಕ್ ಬಕೆಟಿನ ನೀರಿನಲ್ಲಿ ತೂಗುಹಾಕುತ್ತೇನೆ. ತಳಕ್ಕೆ ಹಾಕಿದರೆ ಕರಗುವುದು ತಡ, ಗಟ್ಟಿ ನೀಲಿ ನೀರು ಕಲ್ಲಿನ ಸುತ್ತಲೇ ನಿಂತುಬಿಡುತ್ತದೆ. ಮೇಲೆ ತೂಗಿದರೆ ಭಾರವಾದ ನೀಲಿ ಕೆಳಗಿಳಿದು ಹೊಸ ನೀರು ಮೇಲೆ ಬರುತ್ತದೆ, ಬೆಳಿಗ್ಗೆಗೆ ಗಂಟು ಖಾಲಿ. ತಗಡಿನ ಬಕೆಟ್ ಬೇಡವೇ ಬೇಡ. ಅದರ ಸತು ಕಬ್ಬಿಣಕ್ಕಿಂತಲೂ ಬೇಗ ತಾಮ್ರಕ್ಕೆ ಜಾಗ ಬಿಟ್ಟುಕೊಡುತ್ತದೆ. ಬಕೆಟೂ ಹಾಳು, ಮದ್ದೂ ಹಾಳು.

ಸುಣ್ಣ ಬೇರೆ ಕಡೆ ಕಲಸಿ, ಹಳೇ ಬೈರಾಸು ಬಟ್ಟೆಯಲ್ಲಿ ಸೋಸುತ್ತೇನೆ. ಚಿಪ್ಪು ಸುಣ್ಣ ಸುಟ್ಟದ್ದೇ ಸಿಕ್ಕಿದರೆ ಬಹಳ ಒಳ್ಳೆಯದು, ಅದರಲ್ಲಿ ಜೀವ ಎಷ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಅದು ಕುದಿಯುವಾಗ ಮುಖ ಹತ್ತಿರ ಹಿಡಿಯಬಾರದು. ಕಣ್ಣಿಗೆ ಸಿಡಿದರೆ ತುಂಬ ಹೊತ್ತು ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ, ಮನೆಮದ್ದು ಬೇಡ.

ಸೇರಿಸುವುದರಲ್ಲೂ ಕ್ರಮ ಉಂಟು. ಎರಡನ್ನೂ ಮೊದಲೇ ಸಾಕಷ್ಟು ನೀರಿನಲ್ಲಿ ತೆಳು ಮಾಡಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಸಣ್ಣ ಧಾರೆಯಾಗಿ ಸುರಿಯುವುದು, ಕೋಲಿನಲ್ಲಿ ತಿರುಗಿಸುತ್ತಲೇ ಇರುವುದು. ನಾನೊಮ್ಮೆ ಗ್ಲಾಸಿನಲ್ಲಿ ಎರಡೂ ತರ ಮಾಡಿ ನೋಡಿದೆ. ಕ್ರಮದಲ್ಲಿ ಮಾಡಿದ್ದು ಮಧ್ಯಾಹ್ನದ ಊಟ ಮುಗಿಸಿ ಬಂದರೂ ಹೆಚ್ಚು ಇಳಿದಿರಲಿಲ್ಲ. ಗಟ್ಟಿ ಗಟ್ಟಿಯಾಗಿಯೇ ಒಮ್ಮೆಲೇ ಸುರಿದದ್ದು ಅರ್ಧ ಗಂಟೆಗೆ ತಳ ಸೇರಿತ್ತು. ಕಣ ದಪ್ಪವಾದರೆ ಅಂಟುವುದಿಲ್ಲ, ನಾಝಲೂ ಕಟ್ಟುತ್ತದೆ. ಅಂದರೆ ನಾಝಲಿಗೆ ಬೈಗುಳ ತಪ್ಪಿಸಲು ಸುಣ್ಣ ಕಡಿಮೆ ಮಾಡಬೇಕಾಗಿಯೇ ಇರಲಿಲ್ಲ. ಸೋಸಿ, ತೆಳು ಮಾಡಿ ಸೇರಿಸಿದ್ದರೆ ಆಗುತ್ತಿತ್ತು.

ಮಾಡಿದ ಮದ್ದನ್ನು ಅದೇ ದಿನ ಮುಗಿಸಬೇಕು. ರಾತ್ರಿ ಇಟ್ಟರೆ ಕಣಗಳು ಹರಳು ಕಟ್ಟಲು ಶುರುಮಾಡುತ್ತವೆ, ಬೆಳಿಗ್ಗೆ ಎಷ್ಟು ತಿರುಗಿಸಿದರೂ ಆ ಅಂಟು ಬರುವುದಿಲ್ಲ. ಅಂಟಿಗೆಂದು ನಾವು ರಾಳ ಸೇರಿಸುವುದುಂಟು. ರಾಳ ನೀರಿನಲ್ಲಿ ಕರಗುವುದಿಲ್ಲ, ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಕರಗುತ್ತದೆ. ರಾಳದಲ್ಲಿ ಇರುವುದು ಹುಳಿ, ಸೋಡಾದ ಜೊತೆ ಸೇರಿ ಒಂದು ನಮೂನೆಯ ಸಾಬೂನು ಆಗುವುದು. ಕುದಿಸುವಾಗಿನ ನೊರೆ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಪರೀಕ್ಷೆಗೆ ನಾನು ನೀಲಿ ಲಿಟ್ಮಸ್ ಕಾಗದ ಇಟ್ಟುಕೊಂಡಿದ್ದೇನೆ. ಕೆಂಪಾದರೆ ಹುಳಿ, ಇನ್ನಷ್ಟು ಸುಣ್ಣದ ನೀರು ಬೇಕು. ಕತ್ತಿಯ ಪರೀಕ್ಷೆ ಕೆಟ್ಟದ್ದಲ್ಲ, ಆದರೆ ತುಕ್ಕು ಹಿಡಿದ, ಎಣ್ಣೆ ಪಸೆಯ ಕತ್ತಿ ಸುಳ್ಳು ಹೇಳುತ್ತದೆ. ಒಂದು ನಿಮಿಷವಾದರೂ ಅದ್ದಿ ಇಡಬೇಕು. ಅರಶಿನವನ್ನೂ ನೋಡಿದೆ. ದೃಷ್ಟಿ ತೆಗೆಯುವ ಕುರ್ದಿ ನೀರಿನಲ್ಲಿ ಅರಶಿನಕ್ಕೆ ಸುಣ್ಣ ಬಿದ್ದು ಕೆಂಪಾಗುತ್ತದಲ್ಲ, ಅದೇ. ಸುಣ್ಣದಲ್ಲಿ ಜೀವ ಉಂಟೋ ಇಲ್ಲವೋ ತಿಳಿಯಲು ಇದು ಸಾಲದು. ಮುಕ್ಕಾಲು ಪಾಲು ಸತ್ತ ಸುಣ್ಣವೂ ಅರಶಿನವನ್ನು ಕೆಂಪು ಮಾಡಿಬಿಡುತ್ತದೆ. ಅದಕ್ಕೆ ವಿನೆಗರೇ ಆಗಬೇಕು.

ಇನ್ನೊಂದು ಮಾತು. 1 ಕಿಲೋ ಮೈಲುತುತ್ತಿನಲ್ಲಿ ಕಾಲು ಕಿಲೋ ತಾಮ್ರ ಇರುತ್ತದೆ. ತಾಮ್ರ ಕೊಳೆಯುವ ವಸ್ತು ಅಲ್ಲ. ಬಿಟ್ಟದ್ದೆಲ್ಲ ಕೊನೆಗೆ ಬುಡದ ಮಣ್ಣಿಗೇ ಬರುತ್ತದೆ, ಎರೆಹುಳಕ್ಕೆ ಅದು ಆಗುವುದಿಲ್ಲ. ಹಾಗಾಗಿ ಇರಲಿ ಅಂತ ಜಾಸ್ತಿ ಬಿಡುವುದನ್ನು ನಿಲ್ಲಿಸಿದ್ದೇನೆ. ಪಂಪು ತೊಳೆದ ನೀರನ್ನು ತೋಡಿಗೂ ಬಿಡುವುದಿಲ್ಲ, ಮೀನು ಸಾಯುತ್ತದೆ. ಮುಂದಿನ ಡ್ರಮ್ಮಿಗೇ ಸೇರಿಸುತ್ತೇನೆ.

ಈ ವರ್ಷ ಮೇ ಕೊನೆಗೆ ಬರುವ ಪತ್ತನಾಜೆ ಹಬ್ಬ ಮುಗಿದ ವಾರವೇ ಮೊದಲ ಮದ್ದು ಬಿಟ್ಟೆವು. ಕಳೆದ ವರ್ಷ ಉಳಿದ ಸುಣ್ಣವನ್ನು ಎರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೆ. ವಿನೆಗರ್ ಹಾಕಿದೆ, ನೊರೆ ಬರಲಿಲ್ಲ. ಆದರೂ ಡ್ರಮ್ಮಿಗೆ ಎರಡು ಕಿಲೋ ಪೂರ್ತಿ ಹಾಕಿದೆ. ಕಾಗದ ಅದ್ದಿ, ನೀಲಿಯೇ ಉಳಿದಿದೆ ನೋಡಿ ಅಂತ ಹಳಬರಿಗೆ ತೋರಿಸಿದೆ. ಅವರು ತಲೆಯಾಡಿಸಿದರು. ತಲೆಯ ಮುಟ್ಟಾಳೆ ಸರಿಮಾಡಿಕೊಂಡು, ಕತ್ತಿ ತೆಗೆದು, ಕಲ್ಲಿಗೆ ಉಜ್ಜಲು ಕೂತರು.