ಓಟಿ ಬೋರ್ಡಿನಲ್ಲಿ ‘ಚೈನಾ’

ಕೋಲಾರ ತಾಲೂಕಿನ ನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಎಚ್‌ಆರ್ ಕೆಲಸ ಮಾಡುತ್ತೇನೆ. ಮೊದಲು ನಾನು ಕೆಡಿಸಿದ ಕೇಸನ್ನು ಹೇಳಿಬಿಡುತ್ತೇನೆ. ಅಸ್ಸಾಮಿನ ಒಬ್ಬ ಹುಡುಗ ಬಂದು, ಲೈನಿನಲ್ಲಿ ತನ್ನನ್ನು ‘ಚೈನಾ’ ಅಂತ ಕರೀತಾರೆ ಅಂದ. ನಾನು ಅವನನ್ನೂ ಹಾಗೆ ಕರೆದವನನ್ನೂ ಕೂರಿಸಿ, ಟೀ ತರಿಸಿ, ಕೈ ಕುಲುಕಿಸಿ ಕಳಿಸಿದೆ. ‘ಸುಮ್ನೆ ತಮಾಷೆಗೆ ಅಂದಿರ್ತಾನೆ, ಬಿಡಪ್ಪ’ ಅಂತ ನನ್ನ ಹರಕು ಹಿಂದಿಯಲ್ಲಿ ಸಮಾಧಾನ ಬೇರೆ ಹೇಳಿದೆ. ಹುಡುಗ ತಲೆಯಾಡಿಸಿದ. ಮುಂದಿನ ತಿಂಗಳು ಕೆಲಸ ಬಿಟ್ಟ.

ಅದಾಗಿ ಎಂಟು ತಿಂಗಳಿಗೆ ಮೂವರು ಒಟ್ಟಿಗೆ ಬಂದರು. ಅಸ್ಸಾಮಿನ ಕೊಕ್ರಝಾರ್ ಕಡೆಯ ಬೋಡೋ ಬುಡಕಟ್ಟಿನ ಹುಡುಗರು. ಒಬ್ಬ ಫೋನ್ ತೆಗೆದು ಫೋಟೋ ತೋರಿಸಿದ. ಲೈನ್ ಪಕ್ಕದ ಬಿಳಿ ಬೋರ್ಡು. ಓಟಿಗೆ, ಅಂದರೆ ಓವರ್‌ಟೈಮಿಗೆ, ನಿಲ್ಲುವವರ ಪಟ್ಟಿ, ನೀಲಿ ಮಾರ್ಕರಿನಲ್ಲಿ. ಮಂಜು, ನಾಗೇಶ, ಆಮೇಲೆ ‘ಚೈನಾ – 1’, ‘ಚೈನಾ – 2’. ಕೆಳಗೆ ಸೂಪರ್‌ವೈಸರ್ ಸಹಿ. ನಾನು ದಿನಕ್ಕೆ ಎರಡು ಸಲ ಆ ಬೋರ್ಡಿನ ಮುಂದೆಯೇ ಓಡಾಡುತ್ತಿದ್ದೆ, ನೋಡಿ.

ಬರೆದುಕೊಡಿ ಅಂದರೆ ಮೂವರೂ ಹಿಂದೇಟು ಹಾಕಿದರು. ಒಬ್ಬನ ಅಣ್ಣ 2012ರ ಆಗಸ್ಟ್‌ನಲ್ಲಿ, ಈಶಾನ್ಯದವರ ಮೇಲೆ ಹಲ್ಲೆಯಾಗುತ್ತೆ ಅನ್ನೋ ವದಂತಿಗೆ ಹೆದರಿ ಅಲ್ಲಿನ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದಾಗ, ಅದರಲ್ಲಿದ್ದವನಂತೆ. ‘ಗಲಾಟೆ ಬೇಡ ಸಾರ್, ಹೆಸರು ಕರೆದರೆ ಸಾಕು’ ಅಂದ. ಕೊನೆಗೆ ಅವರು ಹೇಳಿದ್ದನ್ನು ನಾನೇ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡೆ. ಯಾವ ಮಾತು ಅಂದರೋ ಅದೇ ಮಾತು ಬರೆದೆ. ‘ಅವಾಚ್ಯ ಶಬ್ದ’ ಅಂತ ಬರೆದರೆ ಮುಂದೆ ಅದು ಯಾವ ಶಬ್ದ ಅಂತಲೇ ಜಗಳವಾಗುತ್ತದೆ.

ಸಂಜೆಯೇ ಅವರನ್ನು ಕೆಲಸಕ್ಕೆ ಕಳಿಸಿದ್ದ ಕಾಂಟ್ರಾಕ್ಟರ್ ಫೋನ್. ‘ತಲೆನೋವು ಯಾಕೆ ಸಾರ್, ಮೂವರನ್ನೂ ತೆಗೆದು ಬೇರೆಯವರನ್ನ ಕೊಡ್ತೀನಿ.’ ಇಂಥ ಕೇಸುಗಳು ಮುಕ್ಕಾಲು ಪಾಲು ಮುಗಿಯೋದು ಹೀಗೇ ಅಂತ ನನ್ನ ಅನುಮಾನ. ವಿಚಾರಣೆ ಮುಗಿಯುವವರೆಗೆ ಅವರನ್ನು ಮುಟ್ಟಬೇಡಿ ಅಂತ ಮೇಲ್ ಹಾಕಿದೆ. ಸೂಪರ್‌ವೈಸರನ್ನೇ ಬೇರೆ ಶಿಫ್ಟಿಗೆ ಹಾಕಿಸಿದೆ. ಪ್ರೊಡಕ್ಷನ್‌ನವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ, ಆಂತರಿಕ ಸಮಿತಿ ಇದೆ, 90 ದಿನದಲ್ಲಿ ವಿಚಾರಣೆ ಮುಗಿಸಬೇಕು ಅಂತಿದೆ. ಮುಖ ನೋಡಿ ಹೀಯಾಳಿಸಿದರೆ ಹಾಗೆ ಹಾಕಿಕೊಟ್ಟ ದಾರಿ ಇಲ್ಲ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹೊಡೆತ ತಿಂದು ಸತ್ತ ಮೇಲೆ ಬೆಜ್‌ಬರುವಾ ಸಮಿತಿ (ಕೇಂದ್ರ ಸರ್ಕಾರ ನೇಮಿಸಿದ್ದು) ಇಂಥದ್ದಕ್ಕೆಂದೇ ಕಾನೂನಿನಲ್ಲಿ ಹೊಸ ಕಲಂ ಕೇಳಿತ್ತು. ನನ್ನ ಕೈಗೆ ಸಿಕ್ಕಿದ್ದು ಕಾರ್ಖಾನೆಯ ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕೆಲಸಗಾರರಿಗೆ ಹಾಕಿದ ನಿಯಮಗಳು, ಮಾತ್ರ. ಅದರಲ್ಲಿ ದುರ್ನಡತೆಯ ಪಟ್ಟಿ ಇತ್ತು. ಅದರಡಿ ಷೋಕಾಸ್ ನೋಟಿಸ್ ಕೊಟ್ಟೆ.

ಸೂಪರ್‌ವೈಸರ್ ಮಾಲೂರಿನ ಕಡೆಯವನು, ಮನೆಮಾತು ತೆಲುಗು. ಕೆಟ್ಟವನಲ್ಲ, ನನಗೂ ಪರಿಚಯ. ಅದೇ ಕಷ್ಟ. ‘ಜಾತಿ ಎತ್ತಿಲ್ಲ, ಬೈದಿಲ್ಲ ಸಾರ್. ಆ ಹೆಸರು ಬಾಯಿಗೆ ತಿರುಗಲ್ಲ, ಅಷ್ಟೇ’ ಅಂದ. ಈ ಸಲ ‘ಯಾಕೆ’ ಅಂತ ನಾನು ಕೇಳಲೇ ಇಲ್ಲ. ಕೇಳಿದರೆ ‘ತಮಾಷೆಗೆ’ ಅಂತಾನೆ, ಅಲ್ಲಿಗೆ ಮಾತು ಮುಗೀತು. ಬರೆದದ್ದು ನೀನೇನಾ, ಎಷ್ಟು ದಿನದಿಂದ, ಬೇಡ ಅಂತ ಅವರು ಹೇಳಿದ್ದರಾ. ಇಷ್ಟೇ ಕೇಳಿದೆ. ಮೂರಕ್ಕೂ ಉತ್ತರ ಸಿಕ್ಕಿತು. ಹೊರಡುವಾಗ ‘ಬೆಂಗಳೂರಲ್ಲಿ ತೆಲುಗಿನವನು ಅಂತ ನನ್ನನ್ನೂ ಗುಲ್ಟಿ ಅಂತಿದ್ರು, ನಾನೇನು ಕಂಪ್ಲೇಂಟ್ ಕೊಟ್ನಾ?’ ಅಂದ. ‘ಕೊಡಬೇಕಿತ್ತು’ ಅಂದೆ.

ದೂರಿನಲ್ಲಿ ಇನ್ನೆರಡು ಮಾತಿದ್ದವು. ಓಟಿ ಕಮ್ಮಿ ಕೊಡ್ತಾರೆ ಅನ್ನೋದು ಒಂದು. ಮೂರು ತಿಂಗಳ ರಿಜಿಸ್ಟರ್ ತೆಗೆದು ಕೂತೆ. ಹಾಗೇನೂ ಇರಲಿಲ್ಲ. ಅದನ್ನು ಆ ಹುಡುಗರಿಗೆ ಹಾಳೆ ತೋರಿಸಿಯೇ ಹೇಳಿದೆ. ಅವರಿಗೆ ಬೇಜಾರಾಯಿತು, ಆದರೂ ಒಪ್ಪಿದರು. ಇನ್ನೊಂದು ರಜೆ. ಯುಗಾದಿಗೆ ಕೇಳಿದವರಿಗೆಲ್ಲ ಸಿಕ್ಕಿತ್ತು. ಏಪ್ರಿಲ್ ಮಧ್ಯೆ ಬರುವ ಅವರ ಹೊಸ ವರ್ಷ ಬ್ವಿಸಾಗುವಿಗೆ ಒಬ್ಬನಿಗೂ ಸಿಕ್ಕಿರಲಿಲ್ಲ. ಊರಿಗೆ ಹೋಗಲು ಎರಡು ದಿನಕ್ಕೂ ಜಾಸ್ತಿ ರೈಲು, ಒಂದು ದಿನದ ರಜೆ ಏನಕ್ಕೂ ಸಾಲದು. ಅದು ಸೂಪರ್‌ವೈಸರ್ ತಪ್ಪಲ್ಲ, ರಜೆ ಪಟ್ಟಿ ಮಾಡಿದ್ದ ನಮ್ಮ ಆಫೀಸಿನದು.

ಸೂಪರ್‌ವೈಸರಿಗೆ ನಾಲ್ಕು ದಿನ ಸಸ್ಪೆನ್ಷನ್, ಒಂದು ಲಿಖಿತ ಎಚ್ಚರಿಕೆ ಆಯಿತು. ವಾಪಸ್ ಬಂದ ದಿನ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತುಕೊಂಡ. ಮೂವರಲ್ಲಿ ಒಬ್ಬ ಹೋಗಿ, ಮಾರ್ಕರ್ ತಗೊಂಡು, ತನ್ನ ಹೆಸರು ತಾನೇ ಬರೆದ.

ಆಮೇಲೆ ಮೊದಲ ಹುಡುಗನ ಫೈಲ್ ತೆಗೆದು ನೋಡಿದೆ. ಕೆಲಸ ಬಿಟ್ಟ ಕಾರಣ ಅನ್ನುವಲ್ಲಿ ‘ಸ್ವಂತ ಕಾರಣ’ ಅಂತಿದೆ. ಕೈಬರಹ ನನ್ನದು.