ಮಣ್ಣು ಅಂಟಿದ ಆನೆ ಪೈಸೆ

ಟಿಪ್ಪು ಕಾಲದ ಆನೆ ಪೈಸೆಗಳ ಹುಚ್ಚು ನನಗೆ ಹತ್ತು ವರ್ಷದ್ದು. ತಾಮ್ರದ ನಾಣ್ಯ. ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಟಿಪ್ಪು ಈ ಪೈಸೆಗೆ ಜೊಹ್ರಾ, ಅಂದರೆ ಶುಕ್ರಗ್ರಹ, ಅಂತ ಹೆಸರಿಟ್ಟಿದ್ದ.

ಒಂದು ರಾತ್ರಿ ಆನ್‌ಲೈನ್ ಹರಾಜಿನಲ್ಲಿ ಐದು ಪೈಸೆಗಳ ಲಾಟ್ ಕಂಡಿತು. ಬೆಲೆ ಮಾಮೂಲಿಗಿಂತ ಅರ್ಧ. ಫೋಟೊದಲ್ಲಿ ಕೆಂಪು ಮಣ್ಣು ಇನ್ನೂ ಅಂಟಿತ್ತು. ‘ತೊಳೆದಿಲ್ಲ, ಸಿಕ್ಕ ಹಾಗೇ ಇದೆ’ ಎಂದು ಕೆಳಗೆ ಬರೆದಿತ್ತು. ಆ ಸಾಲು ಓದಿ ಹುಷಾರಾಗಬೇಕಿತ್ತು. ನನಗೆ ಆಸೆ ಜಾಸ್ತಿಯಾಯಿತು. ಬಿಡ್ ಹಾಕಿ ಗೆದ್ದೆ.

ಪಾರ್ಸೆಲ್ ಬಂದ ಕೂಡಲೇ ತೂಕ ಹಾಕಿದೆ. ಪೈಸೆ ಸುಮಾರು 11 ಗ್ರಾಂ ಇರಬೇಕು. ಎರಡು ಒಂಬತ್ತನ್ನೂ ದಾಟಲಿಲ್ಲ. ಭೂತಗನ್ನಡಿ ಹಿಡಿದರೆ ಎರಡರಲ್ಲೂ ಆನೆಯ ಬಾಲದ ಬುಡದಲ್ಲಿ ಒಂದೇ ಗೀರು, ಅಂಚಿನ ಸುತ್ತ ಸಣ್ಣ ಏಣು. ಕೈ ಬದಲಾಗುತ್ತಾ ಸವೆದ ಎರಡು ನಾಣ್ಯಗಳಿಗೆ ಒಂದೇ ಜಾಗದಲ್ಲಿ ಒಂದೇ ಗಾಯ ಹೇಗಾಗುತ್ತದೆ? ಒಂದೇ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದ ಖೋಟಾ.

ಅದಕ್ಕೆ ಅಷ್ಟು ಬೇಜಾರಾಗಲಿಲ್ಲ. ನಿದ್ದೆ ಕೆಡಿಸಿದ್ದು ಉಳಿದ ಮೂರು. ಅವು ಅಸಲಿ.

ಮಾರಿದವನಿಗೆ ಫೋನ್ ಮಾಡಿದೆ. “ಪಾಯ ತೋಡುವಾಗ ಗಡಿಗೆ ಸಿಕ್ತು ಸಾರ್. ಇನ್ನೂ ಇದೆ, ನಿಮಗೇ ಕೊಡ್ತೀನಿ” ಎಂದ. ನೆಲದಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು 1878ರ ಕಾಯ್ದೆಯಲ್ಲೇ ಇದೆ. ಗಡಿಗೆ ಕಥೆ ಸುಳ್ಳಾದರೆ ಅವನೊಬ್ಬನೇ ಮೋಸಗಾರ. ನಿಜವಾದರೆ ನಾನೂ ಪಾಲುದಾರ. ಅವನು ಸುಳ್ಳು ಹೇಳಿರಲಪ್ಪಾ ಅಂತ ಬೇಡಿಕೊಂಡೆ. ನಗು ಬರುತ್ತೆ, ಅಲ್ವಾ?

ಇಡೀ ಗಡಿಗೆ ಒಟ್ಟಿಗೆ ಇದ್ದರೆ ಯಾವ ಟಂಕಸಾಲೆಯ ನಾಣ್ಯ ಎಲ್ಲಿವರೆಗೆ ಓಡಾಡಿತ್ತು, ಯಾವಾಗ ಹೂತಿಟ್ಟರು ಅಂತ ಹೇಳಬಹುದು. ಐದೈದಾಗಿ ಮಾರಿದರೆ ಬರೀ ತಾಮ್ರ. ಅದನ್ನೇ ಅವನಿಗೆ ಹೇಳಿ, ಡಿಸಿ ಆಫೀಸಿಗೆ ಒಪ್ಪಿಸು ಎಂದೆ. ಫೋನ್ ಇಟ್ಟ.

“ನೀನು ಬಿಟ್ಟರೆ ಇನ್ನೊಬ್ಬ ತಗೋತಾನೆ, ಇಲ್ಲಾಂದ್ರೆ ಗುಜರಿಯವನು ಕರಗಿಸ್ತಾನೆ” ಅಂತಾನೆ ನನ್ನ ಗೆಳೆಯ. ಕರಗಿಸೋ ಮಾತಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ಆದರೂ ಈಗ ಹಳೇ ಬಿಲ್ಲು, ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬ ಚೀಟಿ ಕೇಳದೆ ಬಿಡ್ ಹಾಕೋದಿಲ್ಲ. ಎಷ್ಟೋ ಒಳ್ಳೆ ಪೈಸೆ ಕೈತಪ್ಪಿವೆ.

ಆ ಮೂರನ್ನು ನಾನೇ ಒಪ್ಪಿಸಬಹುದಿತ್ತು. ಎಲ್ಲಿ ಸಿಕ್ತು ಅಂತ ಕೇಳಿದರೆ ಏನು ಹೇಳಲಿ ಎಂದು ಹೆದರಿದೆ. ಆಲ್ಬಮ್ಮಿಗೆ ಹಾಕಲು ಮನಸ್ಸಾಗದೆ ಕಾಗದದ ಲಕೋಟೆಯಲ್ಲಿ ಸುಮ್ನೆ ಇಟ್ಟಿದ್ದೇನೆ. ಮಣ್ಣು ತೊಳೆದಿಲ್ಲ.