ಗೋಲಾಯಿತು, ಆದರೆ ಆಗಲಿಲ್ಲ: ಅಮೆರಿಕದ ಕಾಲೇಜು ಐಸ್ ಹಾಕಿಯ ತಕರಾರುಗಳಿಗೊಂದು ಕೈಪಿಡಿ

ಮಿನೆಸೋಟ, ನಾರ್ತ್ ಡಕೋಟ, ಮಿಷಿಗನ್, ಮ್ಯಾಸಚೂಸೆಟ್ಸ್ ಕಡೆ ನೆಲೆಸಿದವರಿಗೆ ಮೊದಲ ಚಳಿಗಾಲದಲ್ಲೇ ಒಂದು ಕರೆ ಬರುತ್ತದೆ. ಸಹೋದ್ಯೋಗಿಯೋ ಪಕ್ಕದ ಮನೆಯವರೋ "ಶುಕ್ರವಾರ ರಾತ್ರಿ ಹಾಕಿ ಇದೆ, ಬನ್ನಿ" ಎನ್ನುತ್ತಾರೆ. ಹಾಕಿ ಎಂದೊಡನೆ ನಮಗೆ ಕೊಡಗು ನೆನಪಾಗುತ್ತದೆ. ಇಲ್ಲಿ ಆ ಆಟಕ್ಕೆ 'ಫೀಲ್ಡ್ ಹಾಕಿ' ಎಂದು ಬೇರೆ ಹೆಸರು. ಬರೀ ಹಾಕಿ ಎಂದರೆ ಮಂಜುಗಡ್ಡೆಯ ಮೇಲಿನದು.

ನಾನು ಮೊದಲ ಸಲ ಹೋದಾಗ, ಆತಿಥೇಯ ತಂಡ ಗೋಲು ಹೊಡೆದ ಕೂಡಲೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ವಾದ್ಯವೃಂದ ಮೊಳಗಿತು. ವಿದ್ಯಾರ್ಥಿಗಳು ಎದುರಾಳಿ ಗೋಲ್‌ಕೀಪರ್‌ನತ್ತ ಬೆರಳು ತೋರಿಸಿ "ಜರಡಿ, ಜರಡಿ" ಎಂಬ ಅರ್ಥದ ಇಂಗ್ಲಿಷ್ ಪದವನ್ನು ಕೂಗತೊಡಗಿದರು. ನಾಲ್ಕೈದು ನಿಮಿಷದ ನಂತರ ರೆಫರಿ ಎರಡೂ ಕೈಗಳನ್ನು ಅಡ್ಡಡ್ಡ ಬೀಸಿದರು. ಗೋಲು ಇಲ್ಲ! ಪಕ್ಕದಲ್ಲಿ ಉಣ್ಣೆ ಹೆಣೆಯುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತದೆ "ಆಫ್‌ಸೈಡ್" ಎಂದರು. ಹಿಂದಿನ ಸಾಲಿನಾತ "ಸಾಧ್ಯವೇ ಇಲ್ಲ" ಎಂದ. ಅವರಿಬ್ಬರ ವಾದ ವಿರಾಮದ ಕಾಫಿಯವರೆಗೂ ನಡೆಯಿತು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅಂಥ ವಾದದ ನಡುವೆ ಸಿಕ್ಕಿಕೊಂಡವರಿಗಾಗಿ ಈ ಬರಹ.

ಅಂಗಳದಲ್ಲಿ ಪಟ್ಟೆ ಅಂಗಿಯವರು ನಾಲ್ವರು. ತೋಳಿಗೆ ಕಿತ್ತಳೆ ಪಟ್ಟಿ ಕಟ್ಟಿದ ಇಬ್ಬರು ರೆಫರಿಗಳು. ಶಿಕ್ಷೆ ಕೊಡುವುದು, ಗೋಲು ಹೌದೋ ಅಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸ. ಪಟ್ಟಿಯಿಲ್ಲದ ಇಬ್ಬರು ಲೈನ್ಸ್‌ಮನ್‌ಗಳು. ಗೆರೆ ಕಾಯುವುದು ಅವರ ಪಾಲು. ಋತುವಿನ ಪಂದ್ಯಗಳಿಗೆ ಇವರನ್ನು ನೇಮಿಸುವುದು ಆಯಾ ಕಾನ್ಫರೆನ್ಸ್, ಅಂದರೆ ಹಾಕಿ ಈಸ್ಟ್, ಬಿಗ್ ಟೆನ್‌ನಂಥ ಕಾಲೇಜು ಕೂಟಗಳು. ಹಾಗಾಗಿ "ಈ ಕೂಟದ ರೆಫರಿಗಳೇ ಹೀಗೆ" ಎಂಬ ಮಾತು ಪ್ರತಿ ಊರಿನಲ್ಲೂ ಕೇಳಿಬರುತ್ತದೆ.

ಅತಿ ಹೆಚ್ಚು ಜಗಳ ನೀಲಿ ಗೆರೆಯದು. ಮೂರು ಇಂಚು ಅಗಲದ ರಬ್ಬರ್ ಬಿಲ್ಲೆ, ಅಂದರೆ ಪಕ್, ಎದುರಾಳಿಯ ಕಡೆಯ ನೀಲಿ ಗೆರೆಯನ್ನು ಪೂರ್ತಿ ದಾಟುವ ಮೊದಲು ದಾಳಿ ಮಾಡುವವನ ಎರಡೂ ಸ್ಕೇಟ್‌ಗಳು ಗೆರೆಯಾಚೆ ಹೋಗಿರಬಾರದು, ಹೋಗಿದ್ದರೆ ಆಫ್‌ಸೈಡ್. ನಮ್ಮ ಕ್ರಿಕೆಟ್ ಕಣ್ಣಿಗೆ ಇಲ್ಲೊಂದು ಮೋಸವಿದೆ. ರನೌಟ್‌ನಲ್ಲಿ ಬ್ಯಾಟು ಗೆರೆಯ ಮೇಲಷ್ಟೇ ಇದ್ದರೆ ಔಟ್. ಇಲ್ಲಿ ಒಂದು ಸ್ಕೇಟಿನ ಅಲಗು ಗೆರೆಗೆ ತಾಗಿಕೊಂಡಿದ್ದರೂ ಆಟಗಾರ ಬಚಾವ್. ಗೆರೆಯೇ ಒಂದು ಅಡಿ ಅಗಲ. ಗೋಲಿಗೂ ಇದೇ ಲೆಕ್ಕ: ಬಿಲ್ಲೆ ಗೋಲಿನ ಗೆರೆಯನ್ನು ಪೂರ್ತಿ ದಾಟಬೇಕು, ಅಂಚು ಉಳಿದರೂ ಗೋಲಿಲ್ಲ.

ಲೈನ್ಸ್‌ಮನ್ ಕಣ್ಣಿಗೆ ಆಫ್‌ಸೈಡ್ ಬೀಳದಿದ್ದರೆ ಆಟ ಮುಂದುವರಿಯುತ್ತದೆ. ನಾಲ್ಕಾರು ಪಾಸ್ ಆಗಿ ಕೊನೆಗೆ ಗೋಲು ಬಂದಾಗ ಎದುರಾಳಿ ಕೋಚ್ "ವಿಡಿಯೊ ನೋಡಿ" ಎಂದು ಆಕ್ಷೇಪ ಎತ್ತಬಹುದು. ತಂಡಕ್ಕೆ ಪಂದ್ಯಕ್ಕೆ ಒಂದೇ ಟೈಮ್‌ಔಟ್. ಆಕ್ಷೇಪ ಬಿದ್ದುಹೋದರೆ ಅದೂ ಹೋಯಿತು. ಆಕ್ಷೇಪ ನಿಂತರೆ, ಎಷ್ಟೋ ಹೊತ್ತಿನ ಹಿಂದಿನ ತಪ್ಪಿಗೆ ಈಗಿನ ಗೋಲು ಅಳಿಸಿಹೋಗುತ್ತದೆ. ಹೊಸಬರಿಗೆ ಇದು ಅನ್ಯಾಯ ಅನಿಸುವುದು ಸಹಜ. ನನಗೂ ಅನಿಸಿತ್ತು.

2021ರ ಮಾರ್ಚ್‌ನಲ್ಲಿ ಫಾರ್ಗೋದಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯ ಪಂದ್ಯವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಮಿನೆಸೋಟ ಡುಲುತ್ 2-0 ಮುಂದಿತ್ತು. ಕೊನೆಯ ಎರಡು ನಿಮಿಷದಲ್ಲಿ ನಾರ್ತ್ ಡಕೋಟ ಎರಡು ಗೋಲು ಹೊಡೆದು ಸಮ ಮಾಡಿತು. ಮೊದಲ ಹೆಚ್ಚುವರಿ ಅವಧಿಯಲ್ಲಿ ಡುಲುತ್ ಗೋಲು ಹೊಡೆದು ಕುಣಿದಾಡಿತು. ಟೂರ್ನಿಯ ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲು ಬಿದ್ದಲ್ಲಿಗೆ ಆಟ ಮುಗಿಯುತ್ತದೆ. ಆದರೆ ವಿಡಿಯೊ ನೋಡಿ ಆಫ್‌ಸೈಡ್ ಎಂದರು, ಗೋಲು ರದ್ದಾಯಿತು. ಆಮೇಲೆ ಆಡಿದರು, ಆಡಿದರು, ನಡುರಾತ್ರಿ ದಾಟಿತು. ಐದನೇ ಹೆಚ್ಚುವರಿ ಅವಧಿಯಲ್ಲಿ ಡುಲುತ್ತೇ 3-2ರಿಂದ ಗೆದ್ದಿತು. ಒಟ್ಟು 142 ನಿಮಿಷ 13 ಸೆಕೆಂಡ್. ಆ ಟೂರ್ನಿಯ ಇತಿಹಾಸದಲ್ಲೇ ಅತಿ ದೀರ್ಘ ಪಂದ್ಯ. ಬೆರಳಷ್ಟು ಅಂತರದ ತೀರ್ಪಿನಿಂದ ಎರಡು ತಂಡಗಳು ಇನ್ನೊಂದು ಪೂರ್ತಿ ಪಂದ್ಯದಷ್ಟು ಹೆಚ್ಚು ಆಡಬೇಕಾಯಿತು.

ಈಗ ಮುಖ್ಯ ಸಂಗತಿ. ಜಗಳ ಕೇಳಿಸಿಕೊಳ್ಳುವಾಗ "ನಿಜಕ್ಕೂ ಏನಾಯಿತು" ಎಂದು ಕೇಳಬೇಡಿ. "ರೆಫರಿ ಮೊದಲು ಏನು ಹೇಳಿದ್ದರು" ಎಂದು ಕೇಳಿ. ವಿಡಿಯೊದಲ್ಲಿ ನಿಸ್ಸಂದೇಹವಾದ ಸಾಕ್ಷ್ಯ ಸಿಗದಿದ್ದರೆ ಅಂಗಳದಲ್ಲಿ ಕೊಟ್ಟ ತೀರ್ಪೇ ಉಳಿಯುತ್ತದೆ. ಗೋಲ್‌ಕೀಪರ್‌ನ ಕೈಗವಸಿನ ಕೆಳಗೆ ಬಿಲ್ಲೆ ಅಡಗಿದೆ, ಗೆರೆ ದಾಟಿದ್ದು ಯಾವ ಕ್ಯಾಮೆರಾಕ್ಕೂ ಕಾಣಲಿಲ್ಲ ಎನ್ನಿ. ರೆಫರಿ ಮೊದಲು ಗೋಲು ಎಂದಿದ್ದರೆ ಗೋಲು, ಇಲ್ಲ ಎಂದಿದ್ದರೆ ಇಲ್ಲ. ವಿಡಿಯೊ ಅದೇ, ಫಲಿತಾಂಶ ತದ್ವಿರುದ್ಧ. ಕ್ರಿಕೆಟ್‌ನ ಸಾಫ್ಟ್ ಸಿಗ್ನಲ್, ಅಂದರೆ ಮೂರನೇ ಅಂಪೈರ್‌ಗೆ ಕಳಿಸುವ ಮುನ್ನ ಅಂಗಳದ ಅಂಪೈರ್ ಕೊಡುತ್ತಿದ್ದ ಸನ್ನೆ, ನೆನಪಿದೆಯಲ್ಲ? 2023ರಲ್ಲಿ ಐಸಿಸಿ ಅದನ್ನು ಕೈಬಿಟ್ಟಿತು; ಇಲ್ಲಿ ಅದರ ದಾಯಾದಿ ಇನ್ನೂ ಗಟ್ಟಿಯಾಗಿದೆ. ಪಕ್ಕದವರು "ತೀರ್ಪು ತಪ್ಪು" ಎಂದರೆ, ಎಷ್ಟೋ ಸಲ ಅವರ ಸಿಟ್ಟು ಮೊದಲ ಸನ್ನೆಯ ಮೇಲೆ.

ಇನ್ನೊಂದು ವ್ಯತ್ಯಾಸವಿದೆ. ಕ್ರಿಕೆಟ್‌ನಲ್ಲಿ ಮೂರನೇ ಅಂಪೈರ್ ಬೇರೆ ಕೋಣೆಯಲ್ಲಿ ಕೂತಿರುತ್ತಾರೆ. ಕಾಲೇಜು ಹಾಕಿಯ ಋತುವಿನಲ್ಲಿ ಸಾಮಾನ್ಯವಾಗಿ ತೀರ್ಪು ಕೊಟ್ಟ ರೆಫರಿಯೇ ಹೆಡ್‌ಸೆಟ್ ಹಾಕಿಕೊಂಡು, ಅಂಕ ಬರೆಯುವವರ ಮೇಜಿನ ಪಕ್ಕದ ಪುಟ್ಟ ತೆರೆಯೆದುರು ಬಾಗಿ ತನ್ನ ತೀರ್ಪನ್ನು ತಾನೇ ಪರೀಕ್ಷಿಸುತ್ತಾರೆ. ಬೆನ್ನ ಹಿಂದೆ ಸಾವಿರಾರು ಜನ ಅರಚುತ್ತಿರುತ್ತಾರೆ. ಈ ವ್ಯವಸ್ಥೆ ನನಗೆ ಸರಿಕಾಣುವುದಿಲ್ಲ. ತಾನೇ ಬರೆದ ಉತ್ತರಪತ್ರಿಕೆಯನ್ನು ತಾನೇ ತಿದ್ದಿದಂತೆ. ಅಜ್ಜಿ ಒಪ್ಪಲಿಲ್ಲ: "ಆತನಷ್ಟು ಹತ್ತಿರದಿಂದ ಇನ್ಯಾರು ನೋಡಿದ್ದಾರೆ?"

ಶಿಕ್ಷೆಗಳದು ಸರಳ. ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ. ಅಷ್ಟರಲ್ಲಿ ಎದುರಾಳಿ ಗೋಲು ಹೊಡೆದರೆ ಶಿಕ್ಷೆ ಮುಗಿಯಿತು. ದೊಡ್ಡ ತಪ್ಪಿಗೆ ಐದು ನಿಮಿಷ. ಎಷ್ಟು ಗೋಲು ಬಿದ್ದರೂ ಐದೂ ನಿಮಿಷ ತೀರಲೇಬೇಕು. ಹಿಂದಿನಿಂದ ಬಂದು ಗೋಡೆಗೆ ಗುದ್ದಿದರೆ, ತಲೆಗೆ ಹೊಡೆದರೆ 'ಎರಡೋ ಐದೋ' ಎಂಬ ಜಗಳ ಶುರು. ವೃತ್ತಿಪರ ಆಟಗಾರರ ಮುಷ್ಟಿಯುದ್ಧ ಟಿವಿಯಲ್ಲಿ ನೋಡಿ ಇಲ್ಲೂ ಅದನ್ನೇ ನಿರೀಕ್ಷಿಸಬೇಡಿ: ಕಾಲೇಜಿನಲ್ಲಿ ಹೊಡೆದಾಡಿದವನು ಆ ಪಂದ್ಯದಿಂದಲೂ ಔಟ್, ಮುಂದಿನ ಪಂದ್ಯದಿಂದಲೂ ಔಟ್. ರೆಫರಿ ಒಂದು ಕೈ ಎತ್ತಿಕೊಂಡೇ ಸ್ಕೇಟ್ ಮಾಡುತ್ತಿದ್ದರೆ ಶಿಕ್ಷೆ ಬರಲಿದೆ ಎಂದರ್ಥ; ತಪ್ಪು ಮಾಡಿದ ತಂಡಕ್ಕೆ ಬಿಲ್ಲೆ ಸಿಕ್ಕ ಮೇಲೆಯೇ ಸೀಟಿ. "ಯಾಕೆ ನಿಲ್ಲಿಸುತ್ತಿಲ್ಲ" ಎಂದು ಆಗ ಕೂಗಿದರೆ ಅಕ್ಕಪಕ್ಕದವರು ನಗುತ್ತಾರೆ. ನಾನು ಕೂಗಿ ನಗೆಪಾಟಲಾಗಿದ್ದೇನೆ.

ಗೋಲ್‌ಕೀಪರ್‌ಗೆ ಅಡ್ಡಿಯಾಯಿತೇ ಎಂಬ ತಕರಾರಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ದಾಳಿಕಾರ ತಾನಾಗಿ ಬಿದ್ದನೋ ರಕ್ಷಕ ತಳ್ಳಿದನೋ, ಗೋಲ್‌ಕೀಪರ್‌ಗೆ ಸಾವರಿಸಿಕೊಳ್ಳಲು ಹೊತ್ತು ಸಿಕ್ಕಿತೋ ಇಲ್ಲವೋ, ಎಲ್ಲವೂ ನೋಡುವವರ ಅಂದಾಜು. ಹತ್ತು ಸಲ ನಿಧಾನಗತಿಯಲ್ಲಿ ನೋಡಿದರೆ ಹತ್ತು ಅಭಿಪ್ರಾಯ ಹುಟ್ಟುತ್ತವೆ.

ಟಿಕೆಟ್ ಕೊಳ್ಳುವಾಗ ನೀಲಿ ಗೆರೆಯ ನೇರದ ಸೀಟು ಹುಡುಕಿ. ಆಫ್‌ಸೈಡ್ ವಾದಕ್ಕೆ ಅಲ್ಲಿ ಕೂತವರಿಗೇ ತೂಕ. ಒಳಗೂ ಚಳಿ, ಕೋಟು ಬಿಚ್ಚಬೇಡಿ. ಏನನ್ನೂ ಎಸೆಯಬೇಡಿ; ಹಾರ್ವರ್ಡ್ ಬಂದಾಗ ಕಾರ್ನೆಲ್‌ನವರು ಅಂಗಳಕ್ಕೆ ಮೀನು ಎಸೆಯುತ್ತಾರೆ ನಿಜ, ಆದರೆ ಅಭಿಮಾನಿಗಳ ಎಸೆತಕ್ಕೆ ಆತಿಥೇಯ ತಂಡಕ್ಕೇ ಶಿಕ್ಷೆ ಬೀಳಬಹುದು. ಸಾಧ್ಯವಾದರೆ ಶನಿವಾರಕ್ಕೂ ಟಿಕೆಟ್ ತೆಗೆದುಕೊಳ್ಳಿ. ವಾರಾಂತ್ಯದಲ್ಲಿ ಅವೇ ಎರಡು ತಂಡಗಳು ಮತ್ತೆ ಆಡುವುದು ರೂಢಿ, ಎಷ್ಟೋ ಸಲ ರೆಫರಿಗಳೂ ಅವರೇ. ನನ್ನ ಮೊದಲ ಶನಿವಾರ ಆ ಕಿತ್ತಳೆ ಪಟ್ಟಿಗಳು ಅಂಗಳಕ್ಕಿಳಿದಾಗ ಆಟ ಇನ್ನೂ ಶುರುವಾಗಿರಲಿಲ್ಲ, ಇಡೀ ಸಭಾಂಗಣ ಆಗಲೇ ಊಳಿಡುತ್ತಿತ್ತು. ಅಜ್ಜಿ ಹೆಣಿಗೆಯನ್ನು ಮಡಿಲಿಗಿಳಿಸಿ, ಎರಡೂ ಕೈ ಬಾಯಿಗಿಟ್ಟುಕೊಂಡು ತಾವೂ ದನಿಗೂಡಿಸಿದರು.